ಸೂಕ್ಷ್ಮಜೀವಿಗಳ ಮನೆಯ ಕಾವಲು

(ಸಂಘದ ರಾಜ್ಯೋತ್ಸವದ ಅಂಗವಾಗಿ ಸಾತಪುರದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ನಾಡು ಒಂದಾದ ಕಥೆಯನ್ನೋ ನುಡಿಯ ಹಿರಿಮೆಯನ್ನೋ ಹೇಳುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಬಲ್ಲವರು ಮಾಡಿದ್ದಾರೆ. ಈ ಸಲ ಮಕ್ಕಳೂ ಕೇಳುವಂಥ ವಿಜ್ಞಾನದ ವಿಷಯವೊಂದು ಕನ್ನಡದಲ್ಲಿ ಆಗಲಿ ಎಂದು ಸಮಿತಿಯವರು ಅಪ್ಪಣೆ ಮಾಡಿದರು. ನಾವು ಬ್ಯಾಂಕಿನ ಗುಮಾಸ್ತರು, ಓದಿದ್ದು ಬಿ.ಕಾಂ. ಆದರೂ ಒಪ್ಪಿಕೊಂಡೆವು. ಏಕೆಂದರೆ ಇಲ್ಲಿ ಬೆಳೆಯುವ ನಮ್ಮ ಮಕ್ಕಳು ವಿಜ್ಞಾನವನ್ನು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಓದುತ್ತಾರೆ. ಮನೆಯ ಕನ್ನಡವು ಊಟ ತಿಂಡಿಗೆ, ನೆಂಟರ ಕ್ಷೇಮಸಮಾಚಾರಕ್ಕೆ ಮಾತ್ರ ಸಾಕಾಗುವ ನುಡಿಯೆಂದು ಅವರು ತಿಳಿದರೆ, ಆ ತಿಳಿವಳಿಕೆಯನ್ನು ಮುಂದೆ ಯಾವ ಮೆರವಣಿಗೆಯೂ ತಿದ್ದಲಾರದು.

ನಾವು ಆರಿಸಿಕೊಂಡ ವಿಷಯ ಇದು: ಬ್ಯಾಕ್ಟೀರಿಯಾ ಮತ್ತು ಆರ್ಕಿಯಾ ಎಂಬ ಅತಿ ಸಣ್ಣ ಜೀವಿಗಳು ತಮ್ಮೊಳಗೆ ನುಗ್ಗುವ ಪರರ ವಂಶವಾಹಿಗಳಿಂದ ತಮ್ಮನ್ನು ಹೇಗೆ ಕಾಪಾಡಿಕೊಳ್ಳುತ್ತವೆ? ಖರೆ ನೋಟು ಯಾವುದು, ಖೋಟಾ ನೋಟು ಯಾವುದು ಎಂದು ದಿನವೂ ನೋಡುವ ಕಸುಬಿನವರಿಗೆ ಈ ಪ್ರಶ್ನೆ ತೀರ ಅಪರಿಚಿತವೇನೂ ಅಲ್ಲ.

ಮೊದಲು ಈ ಜೀವಿಗಳ ಪರಿಚಯವಾಗಲಿ. ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ತಾಯಂದಿರು ಒಂದು ಚಮಚ ಹೆಪ್ಪು ಹಾಕುತ್ತಾರೆ. ನೆರೆಮನೆಯ ಮರಾಠಿ ವಹಿನಿಯವರು ಅದನ್ನೇ ವಿರಜಣ ಎನ್ನುತ್ತಾರೆ. ಹೆಸರು ಯಾವುದಾದರೇನು, ಆ ಚಮಚದಲ್ಲಿರುವುದು ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು. ಹಾಲಿನಲ್ಲಿರುವ ಸಕ್ಕರೆಯನ್ನು ಅವು ಹುಳಿಯಾಗಿ ಮಾಡುತ್ತವೆ. ಬೆಳಗಾಗುವಷ್ಟರಲ್ಲಿ ಮೊಸರು ಸಿದ್ಧ. ಒಂದೊಂದು ಬ್ಯಾಕ್ಟೀರಿಯಾವೂ ಒಂದೇ ಒಂದು ಜೀವಕೋಶ. ಉದ್ದ ಸುಮಾರು ಮಿಲಿಮೀಟರಿನ ಸಾವಿರದ ಒಂದು ಭಾಗ. ಅದರ ಬಾಳಿನ ಸಮಸ್ತ ವಿವರವೂ ಡಿ.ಎನ್.ಎ. ಎಂಬ ಎಳೆಯಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಿಂದ ಬರೆದಿದೆ.

ಆರ್ಕಿಯಾಗಳು ನೋಡಲು ಬ್ಯಾಕ್ಟೀರಿಯಾಗಳಂತೆಯೇ ಇರುತ್ತವೆ. ಆದರೆ ಕುಲ ಬೇರೆ. ಹಾಗೆಂದು ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಎಂಬವರು 1977ರಲ್ಲಿ ತೋರಿಸಿಕೊಟ್ಟರು. ಇವುಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಛತ್ರಪತಿ ಸಂಭಾಜಿನಗರದಿಂದ ಪೂರ್ವಕ್ಕೆ, ಬುಲಢಾಣಾ ಜಿಲ್ಲೆಯಲ್ಲಿ ಲೋಣಾರ ಸರೋವರವಿದೆ. ಉಲ್ಕೆಯೊಂದು ಕರಿಗಲ್ಲಿನ ನೆಲಕ್ಕೆ ಅಪ್ಪಳಿಸಿ ಆದ ಕುಳಿಯಲ್ಲಿ ನಿಂತ ಉಪ್ಪುನೀರು ಅದು. 2020ರ ಜೂನ್ ತಿಂಗಳಲ್ಲಿ ಆ ನೀರು ಇದ್ದಕ್ಕಿದ್ದಂತೆ ಗುಲಾಬಿ ಬಣ್ಣಕ್ಕೆ ತಿರುಗಿತು. ಪುಣೆಯ ಆಘಾರಕರ್ ಸಂಶೋಧನ ಸಂಸ್ಥೆಯವರು ನೀರನ್ನು ಪರೀಕ್ಷಿಸಿ, ಇದು ಉಪ್ಪನ್ನು ಪ್ರೀತಿಸುವ ಆರ್ಕಿಯಾಗಳ ಬಣ್ಣವೆಂದು ಹೇಳಿದರು. ಈ ಉಪ್ಪಿನ ಜೀವಿಗಳ ಬಳಗವನ್ನು ನೆನಪಿನಲ್ಲಿಡಬೇಕು. ಮುಂದೆ ನಮ್ಮ ಕಥೆಯೊಳಕ್ಕೆ ಅವು ಮತ್ತೆ ಬರುತ್ತವೆ.

ಇನ್ನು ಶತ್ರುಗಳ ವಿಚಾರ. ಬ್ಯಾಕ್ಟೀರಿಯಾಗಳಿಗೂ ರೋಗ ಬರುತ್ತದೆ. ಅವನ್ನು ಕೊಲ್ಲುವ ವೈರಸ್ಸುಗಳಿಗೆ ಫೇಜುಗಳೆಂದು ಹೆಸರು. ಇವುಗಳ ಸುಳಿವು ಮೊದಲು ದೊರೆತ ತಾವುಗಳಲ್ಲಿ ನಮ್ಮ ದೇಶವೂ ಒಂದು. ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ಆಂಗ್ಲ ವಿಜ್ಞಾನಿಯು ಗಂಗಾ ಯಮುನೆಯರ ನೀರಿನಲ್ಲಿ ಕಾಲರಾದ ಬ್ಯಾಕ್ಟೀರಿಯಾಗಳು ಬೇಗ ಸಾಯುವುದನ್ನೂ, ನೀರನ್ನು ಕುದಿಸಿದರೆ ಆ ಗುಣ ಹೋಗುವುದನ್ನೂ ಕಂಡು 1896ರಲ್ಲಿ ಪ್ರಕಟಿಸಿದನು. ಅದು ಫೇಜುಗಳ ಕೆಲಸವಾಗಿರಬೇಕೆಂದು ಆಮೇಲಿನವರು ಊಹಿಸಿದರು. ಹಾಗೆಂದು ಗೋದಾವರಿಯ ನೀರನ್ನು ಕುದಿಸದೆ ಕುಡಿಯಬಹುದೆಂದು ಯಾರೂ ತಿಳಿಯಬಾರದು! 1915ರಲ್ಲಿ ಟ್ವೋರ್ಟ್, 1917ರಲ್ಲಿ ಡಿ ಹೆರೆಲ್ ಈ ಫೇಜುಗಳನ್ನು ಸ್ಪಷ್ಟವಾಗಿ ಗುರುತಿಸಿದರು.

ಫೇಜು ಬ್ಯಾಕ್ಟೀರಿಯಾದ ಹೊರಮೈಗೆ ಅಂಟಿಕೊಂಡು ತನ್ನ ಡಿ.ಎನ್.ಎ.ಯನ್ನು ಒಳಕ್ಕೆ ತಳ್ಳುತ್ತದೆ. ಆ ಕ್ಷಣದಿಂದ ಮನೆ ಪರರ ಪಾಲು. ಮನೆಯ ಯಂತ್ರಗಳೆಲ್ಲ ಫೇಜಿನ ಮರಿಗಳನ್ನು ತಯಾರಿಸತೊಡಗುತ್ತವೆ. ಸುಮಾರು ಅರ್ಧ ಗಂಟೆಯಲ್ಲಿ ಗೋಡೆಯೊಡೆದು ನೂರಾರು ಮರಿಗಳು ಹೊರಬೀಳುತ್ತವೆ. ನುಗ್ಗುವವರಲ್ಲಿ ಇನ್ನೂ ಕೆಲವು ಬಗೆಯುಂಟು. ಪ್ಲಾಸ್ಮಿಡ್ ಎಂಬ ಡಿ.ಎನ್.ಎ. ಬಳೆಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತವೆ. ಇನ್ನು ಕೆಲವು ವಂಶವಾಹಿಗಳು ಡಿ.ಎನ್.ಎ.ಯಲ್ಲಿ ಒಂದೆಡೆಯಿಂದ ಮತ್ತೊಂದೆಡೆಗೆ ನೆಗೆಯುತ್ತವೆ. ಇವೆಲ್ಲವೂ ಕೊಲೆಗಡುಕರಲ್ಲ, ಕೆಲವರು ಉಪಕಾರಿಗಳು. ಈ ಕಥೆಯ ತೊಡಕೆಲ್ಲ ಇರುವುದು ಇಲ್ಲಿಯೇ.

ಕಾವಲಿನ ಮೊದಲ ಉಪಾಯ ಸುಲಭ. ಫೇಜು ಅಂಟಿಕೊಳ್ಳುವ ಹೊರಮೈಯ ಕೊಂಡಿಯನ್ನೇ ಬದಲಾಯಿಸುವುದು ಅಥವಾ ಮುಚ್ಚಿಬಿಡುವುದು. ಬಾಗಿಲೇ ಸಿಗದಿದ್ದರೆ ಕಳ್ಳ ಬರುವುದೆಲ್ಲಿಂದ? ಆದರೆ ಆ ಕೊಂಡಿ ಅನ್ನ ಒಳಗೆ ಬರುವ ದಾರಿಯೂ ಆಗಿರುವುದುಂಟು. ಆದ್ದರಿಂದ ಎಲ್ಲ ಬಾಗಿಲನ್ನೂ ಮುಚ್ಚಿ ಬಾಳುವಂತಿಲ್ಲ. ಒಳಗೂ ಕಾವಲು ಬೇಕು.

ಎರಡನೆಯ ಉಪಾಯವನ್ನು ನಾಶಿಕದವರು ಬಹು ಬೇಗ ಗ್ರಹಿಸಬಲ್ಲರು. ನಮ್ಮ ನಾಶಿಕ್ ರೋಡಿನ ಮುದ್ರಣಾಲಯದಲ್ಲಿ 1928ರಿಂದ ನೋಟು ಅಚ್ಚಾಗುತ್ತಿದೆ. ನೋಟಿನಲ್ಲಿ ನೀರುಗುರುತು, ಭದ್ರತೆಯ ಎಳೆ ಮೊದಲಾದ ಚಿಹ್ನೆಗಳಿರುತ್ತವೆ. ಕೌಂಟರಿಗೆ ಬಂದ ನೋಟಿನಲ್ಲಿ ಅವು ಇಲ್ಲದಿದ್ದರೆ ಅದನ್ನು ತಡೆಹಿಡಿದು ಖೋಟಾ ಎಂದು ಮುದ್ರೆಯೊತ್ತುತ್ತೇವೆ. ಬ್ಯಾಕ್ಟೀರಿಯಾ ಮಾಡುವುದೂ ಇದನ್ನೇ. ಅದರಲ್ಲಿ ಎರಡು ಕಿಣ್ವಗಳು ಜೋಡಿಯಾಗಿರುತ್ತವೆ. ಒಂದು ಕಿಣ್ವ ತನ್ನ ಮನೆಯ ಡಿ.ಎನ್.ಎ.ಯಲ್ಲಿ ನಿರ್ದಿಷ್ಟ ಅಕ್ಷರಮಾಲೆ ಕಂಡಲ್ಲೆಲ್ಲ ಮೀಥೈಲ್ ಎಂಬ ಪುಟ್ಟ ಚಿಹ್ನೆಯನ್ನು ಹಚ್ಚುತ್ತದೆ. ಇನ್ನೊಂದು ಕಿಣ್ವ ಕತ್ತರಿ. ಅದೇ ಅಕ್ಷರಮಾಲೆ ಚಿಹ್ನೆಯಿಲ್ಲದೆ ಕಂಡರೆ ಅದು ಹೊರಗಿನದೆಂದು ಕತ್ತರಿಸಿಹಾಕುತ್ತದೆ.

ಇದರ ಕುರುಹನ್ನು 1952ರಲ್ಲಿ ಲೂರಿಯಾ ಮತ್ತು ಹ್ಯೂಮನ್, 1953ರಲ್ಲಿ ಬರ್ಟಾನಿ ಮತ್ತು ವೈಗಲ್ ಕಂಡರು. ಒಂದು ತಳಿಯ ಬ್ಯಾಕ್ಟೀರಿಯಾದಲ್ಲಿ ಬೆಳೆದ ಫೇಜು ಮತ್ತೊಂದು ತಳಿಯಲ್ಲಿ ಬೆಳೆಯಲಾರದು. ಹೇಗೋ ಬದುಕಿದ ಒಂದೆರಡರ ಸಂತಾನ ಮಾತ್ರ ಆ ಹೊಸ ತಳಿಯಲ್ಲಿ ಸಲೀಸಾಗಿ ಬೆಳೆಯುತ್ತದೆ. ಇದೇಕೆಂದು 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವೆರ್ನರ್ ಆರ್ಬರ್ ಬಿಡಿಸಿ ಹೇಳಿದರು. ಬದುಕಿದ ಫೇಜಿನ ಮೇಲೆ ಹೊಸ ಮನೆಯ ಚಿಹ್ನೆಯೇ ಬಿದ್ದಿರುತ್ತದೆ! ಹ್ಯಾಮಿಲ್ಟನ್ ಸ್ಮಿತ್ 1970ರಲ್ಲಿ ಗೊತ್ತಾದ ಜಾಗದಲ್ಲೇ ಕತ್ತರಿಸುವ ಕಿಣ್ವವನ್ನು ಹೊರತೆಗೆದರು. ಡೇನಿಯಲ್ ನೇಥನ್ಸ್ ಅವರೊಡನೆ ಇವರಿಬ್ಬರಿಗೂ 1978ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಬ್ಯಾಕ್ಟೀರಿಯಾದ ಆ ಕತ್ತರಿಯೇ ಮನುಷ್ಯನಿಗೆ ವಂಶವಾಹಿಗಳನ್ನು ಬೇಕಾದಂತೆ ಕತ್ತರಿಸಿ ಜೋಡಿಸುವ ವಿದ್ಯೆಯನ್ನು ಕೊಟ್ಟಿತು. ಇಂದು ಮಧುಮೇಹಿಗಳು ಚುಚ್ಚಿಕೊಳ್ಳುವ ಮಾನವ ಇನ್ಸುಲಿನ್ ಆ ವಿದ್ಯೆಯ ಫಲ.

ಈ ಕತ್ತರಿಗಳ ಅಧ್ಯಯನದಲ್ಲಿ ಕರ್ನಾಟಕಕ್ಕೂ ಪಾಲಿದೆಯೆಂದು ಈ ದಿನ ಹೇಳದೆ ಇರಲಾರೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಿ. ಎನ್. ರಾವ್ ಅವರೂ ವಲಕುಂಜ ನಾಗರಾಜ ಅವರೂ ಇದರಲ್ಲಿ ದೀರ್ಘಕಾಲ ಕೆಲಸ ಮಾಡಿದ್ದಾರೆ. ಜಿ ಜಿ ಟಿ ಎ ಸಿ ಸಿ ಎಂಬ ಆರು ಅಕ್ಷರಗಳನ್ನು ಹುಡುಕಿ ಕತ್ತರಿಸುವ 'ಕೆಪಿಎನ್ ಒಂದು' ಎಂಬ ಕಿಣ್ವವಿದೆ. ಮೆಗ್ನೀಶಿಯಂ ಜೊತೆಗಿದ್ದರೆ ಈ ಕತ್ತರಿಯ ಕೈ ಸಡಿಲ. ಅದನ್ನೇ ಹೋಲುವ ಬೇರೆ ಮಾಲೆಗಳನ್ನೂ ಕತ್ತರಿಸುತ್ತದೆ. ಕ್ಯಾಲ್ಸಿಯಂ ಜೊತೆಗಿದ್ದರೆ ಬಹು ನಿಷ್ಠೆಯಿಂದ ತನ್ನ ಆರೇ ಅಕ್ಷರಗಳಿಗೆ ಅಂಟಿಕೊಳ್ಳುತ್ತದೆ. ಇದನ್ನು ನಾಗರಾಜ ಮತ್ತು ಅವರ ಶಿಷ್ಯರು 2004ರಲ್ಲಿ ತೋರಿಸಿದರು. ಮ್ಯೂ ಎಂಬ ಫೇಜಿನ ಮೇಲೂ ಅವರ ಕೆಲಸ ಪ್ರಸಿದ್ಧ. ಈ ಫೇಜು ತನ್ನ ಡಿ.ಎನ್.ಎ.ಗೆ ತಾನೇ ಒಂದು ವಿಚಿತ್ರ ಲೇಪವನ್ನು ಹಚ್ಚಿಕೊಂಡು ಬರುತ್ತದೆ. ಅನೇಕ ಕತ್ತರಿಗಳು ಅದರ ಮೇಲೆ ಜಾರುತ್ತವೆ. ಕಳ್ಳನೂ ಚಿಹ್ನೆಯ ಮರ್ಮವನ್ನು ಕಲಿತನೆಂದಾಯಿತು.

ಚಿಹ್ನೆಯೊಂದನ್ನೇ ನಂಬಿ ಕುಳಿತರೆ ಸಾಲದು. ಆದ್ದರಿಂದ ಬ್ಯಾಂಕಿನಲ್ಲಿ ಸಿಕ್ಕ ಖೋಟಾ ನೋಟುಗಳನ್ನೆಲ್ಲ ಬೇರೆ ರಿಜಿಸ್ಟರಿನಲ್ಲಿ ಬರೆದಿಡುವ ನಿಯಮವಿದೆ. ಬ್ಯಾಕ್ಟೀರಿಯಾದ ಮೂರನೆಯ ಉಪಾಯ ಅಂಥದೇ ಒಂದು ರಿಜಿಸ್ಟರು. ಅದಕ್ಕೆ ಕ್ರಿಸ್ಪರ್ ಎಂದು ಹೆಸರು.

1987ರಲ್ಲಿ ಜಪಾನಿನ ಇಶಿನೋ ಮತ್ತು ಸಂಗಡಿಗರು ಕರುಳಿನ ಬ್ಯಾಕ್ಟೀರಿಯಾ ಒಂದರ ಡಿ.ಎನ್.ಎ.ಯಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರೆದಿರುವುದನ್ನು ಕಂಡರು. ಅರ್ಥವಾಗಲಿಲ್ಲ. 1993ರಲ್ಲಿ ಸ್ಪೇನಿನ ಫ್ರಾನ್ಸಿಸ್ಕೊ ಮೊಹಿಕಾ ಎಂಬ ತರುಣನು ಸಮುದ್ರದಂಡೆಯ ಉಪ್ಪಿನ ಗದ್ದೆಯ ಆರ್ಕಿಯಾದಲ್ಲಿ ಅಂಥದೇ ಪುನರಾವರ್ತನೆಯನ್ನು ಕಂಡನು. ಲೋಣಾರದ ನೀರಿಗೆ ಬಣ್ಣ ಕೊಟ್ಟ ಬಳಗದ್ದೇ ಆ ಜೀವಿ. ಅವನಿಗೆ ಈ ಗೀಳು ಹತ್ತಿತು. ಹತ್ತು ವರ್ಷ ಬಿಡದೆ ಹುಡುಕಿದನು. ಪುನರಾವರ್ತನೆಗಳ ನಡುನಡುವೆ ಇರುವ ಬೇರೆ ಬೇರೆ ತುಣುಕುಗಳು ಫೇಜು ಮತ್ತು ಪ್ಲಾಸ್ಮಿಡ್‌ಗಳ ಡಿ.ಎನ್.ಎ.ಗೆ ಅಕ್ಷರಶಃ ಹೊಂದುತ್ತವೆಂದು 2003ರಲ್ಲಿ ಗೊತ್ತಾಯಿತು. ಇದು ಹಳೆಯ ದಾಳಿಗಳ ದಾಖಲೆಯೆಂದು ಅವನು ಬರೆದ ಲೇಖನವನ್ನು ಹೆಸರಾಂತ ಪತ್ರಿಕೆಗಳು ತಿರುಗಿಸಿ ಕಳುಹಿಸಿದವು; ಕಡೆಗೆ ಅದು ಬೆಳಕು ಕಂಡದ್ದು 2005ರಲ್ಲಿ. ದೊಡ್ಡ ಊರಿನ ದೊಡ್ಡ ಪ್ರಯೋಗಾಲಯದಲ್ಲಲ್ಲ, ತನ್ನ ಊರಿನ ಉಪ್ಪಿನ ಗದ್ದೆಯ ಬಳಿಯಲ್ಲಿ ಈ ಕೆಲಸ ಮೊಳೆಯಿತೆಂಬುದನ್ನು ಮಕ್ಕಳು ಗಮನಿಸಬೇಕು.

ಊಹೆಯನ್ನು ನಿಶ್ಚಯ ಮಾಡಿಕೊಟ್ಟದ್ದು ಮೊಸರಿನ ಬ್ಯಾಕ್ಟೀರಿಯಾ. ಮೊಸರು, ಚೀಸುಗಳ ಕಾರಖಾನೆಗಳಲ್ಲಿ ಫೇಜು ಹೊಕ್ಕರೆ ಹೆಪ್ಪೇ ಸತ್ತು ಹಾಲೆಲ್ಲ ನಷ್ಟ. ಡ್ಯಾನಿಸ್ಕೊ ಎಂಬ ಸಂಸ್ಥೆಯ ಬರಾಂಗು, ಓರ್ವಾತ್ ಮತ್ತು ಸಂಗಡಿಗರು 2007ರಲ್ಲಿ ಪ್ರಯೋಗ ಮಾಡಿದರು. ಫೇಜಿನ ದಾಳಿಯಲ್ಲಿ ಬದುಕಿದ ಬ್ಯಾಕ್ಟೀರಿಯಾಗಳ ರಿಜಿಸ್ಟರಿನಲ್ಲಿ ಆ ಫೇಜಿನದೇ ಹೊಸ ತುಣುಕು ಸೇರಿತ್ತು. ಆ ತುಣುಕನ್ನು ತೆಗೆದರೆ ರಕ್ಷಣೆ ಹೋಯಿತು; ಹಾಕಿದರೆ ಬಂದಿತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕೆಲಸ ನಡೆಯುವ ರೀತಿ ಹೀಗೆ. ನುಗ್ಗಿದ ಡಿ.ಎನ್.ಎ.ಯ ಸುಮಾರು ಮೂವತ್ತು ಅಕ್ಷರಗಳ ತುಣುಕನ್ನು ಕತ್ತರಿಸಿ ರಿಜಿಸ್ಟರಿನ ಮೊದಲಲ್ಲಿ ಅಂಟಿಸಲಾಗುತ್ತದೆ. ಬಳಿಕ ಆ ಪುಟಗಳ ಸಣ್ಣ ಸಣ್ಣ ಪ್ರತಿಗಳು ಆರ್.ಎನ್.ಎ. ರೂಪದಲ್ಲಿ ತಯಾರಾಗುತ್ತವೆ. ಕ್ಯಾಸ್ ಎಂಬ ಕಾವಲುಗಾರರು ಒಂದೊಂದು ಪ್ರತಿಯನ್ನು ಹಿಡಿದು ಮನೆಯೊಳಗೆ ಸುತ್ತುತ್ತಾರೆ. ಪ್ರತಿಗೆ ಹೊಂದುವ ಡಿ.ಎನ್.ಎ. ಕಂಡರೆ ಕತ್ತರಿ. ಹಾಗಾದರೆ ರಿಜಿಸ್ಟರಿನಲ್ಲಿ ಬರೆದ ಅಕ್ಷರಗಳನ್ನೇ ಕಾವಲುಗಾರ ಏಕೆ ಕತ್ತರಿಸುವುದಿಲ್ಲ? ಇದಕ್ಕೊಂದು ಜಾಣ್ಮೆಯುಂಟು. ಅನೇಕ ಬಗೆಯ ಕ್ರಿಸ್ಪರ್‌ಗಳಲ್ಲಿ, ತುಣುಕಿನ ಪಕ್ಕದಲ್ಲಿ ಎರಡು ಮೂರು ಅಕ್ಷರಗಳ ಬೇರೊಂದು ಗುರುತು ಇದ್ದರೆ ಮಾತ್ರ ಕತ್ತರಿ ನಡೆಯುತ್ತದೆ. ಆ ಗುರುತು ಶತ್ರುವಿನಲ್ಲಿದೆ, ರಿಜಿಸ್ಟರಿನಲ್ಲಿಲ್ಲ. ಖೋಟಾ ನೋಟಿನ ನಂಬರು ಪುಸ್ತಕದಲ್ಲಿ ಬರೆದಿದ್ದರೆ ಪುಸ್ತಕವೇನೂ ಖೋಟಾ ಆಗುವುದಿಲ್ಲವಷ್ಟೆ?

ನಮ್ಮ ಬ್ಯಾಂಕಿನ ಹೋಲಿಕೆ ಒಂದು ಕಡೆ ಸೋಲುತ್ತದೆ. ಈ ರಿಜಿಸ್ಟರು ವಂಶಪಾರಂಪರ್ಯ. ತಾಯಿಗೆ ಬಿದ್ದ ಪೆಟ್ಟಿನ ನೆನಪನ್ನು ಮಗಳು ಹುಟ್ಟುವಾಗಲೇ ಪಡೆಯುತ್ತಾಳೆ. ಇಂಥ ರಿಜಿಸ್ಟರು ಆರ್ಕಿಯಾಗಳಲ್ಲಿ ಬಹುಪಾಲಿನಲ್ಲಿದೆ. ಬ್ಯಾಕ್ಟೀರಿಯಾಗಳಲ್ಲಿ ಅರ್ಧಕ್ಕಿಂತ ಕಡಿಮೆ.

ನಾಲ್ಕನೆಯ ಉಪಾಯ ಆತ್ಮಾರ್ಪಣೆ. ಯಾವ ಕಾವಲೂ ಫಲಿಸದಿದ್ದರೆ ಕೆಲವು ಬ್ಯಾಕ್ಟೀರಿಯಾಗಳು ಫೇಜಿನ ಮರಿಗಳು ಸಿದ್ಧವಾಗುವ ಮೊದಲೇ ತಾವು ಸತ್ತುಬಿಡುತ್ತವೆ. ಸುತ್ತಲಿನ ಬಂಧುಗಳು ಉಳಿಯುತ್ತವೆ. ಇಸ್ರೇಲಿನ ರೋಟೆಮ್ ಸೋರೆಕ್ ಅವರ ತಂಡ 2018ರಲ್ಲಿ ಒಂದೇ ಸಲಕ್ಕೆ ಹತ್ತು ಹೊಸ ಕಾವಲು ವ್ಯವಸ್ಥೆಗಳನ್ನು ಪ್ರಕಟಿಸಿತು. ನಮ್ಮ ದೇಹದಲ್ಲಿ ವೈರಸ್ಸು ಹೊಕ್ಕಾಗ ಕೂಗಿ ಎಬ್ಬಿಸುವ ವ್ಯವಸ್ಥೆಯೊಂದರ ಪೂರ್ವಜ ಬ್ಯಾಕ್ಟೀರಿಯಾಗಳಲ್ಲಿದೆ ಎಂಬುದು 2019ರಲ್ಲಿ ತಿಳಿಯಿತು. ನಮಗೂ ಹೆಪ್ಪಿನ ಬಟ್ಟಲಿನ ಜೀವಿಗಳಿಗೂ ದೂರದ ನಂಟಿದೆ!

ಶತ್ರು ಸುಮ್ಮನಿದ್ದಾನೆಯೆ? ಕಾವಲುಗಾರನ ಕೈಯನ್ನೇ ಕಟ್ಟಿಹಾಕುವ ಪ್ರೋಟೀನುಗಳು ಫೇಜುಗಳಲ್ಲಿರುವುದು 2013ರಲ್ಲಿ ಗೊತ್ತಾಯಿತು. ಅದೇ ವರ್ಷ ಬಾಂಗ್ಲಾದೇಶದ ಕಾಲರಾ ರೋಗಿಗಳಲ್ಲಿ ದೊರೆತ ಫೇಜೊಂದು ಇನ್ನೂ ಸೋಜಿಗವನ್ನು ತೋರಿತು. ಅದು ತಾನೇ ಒಂದು ಕ್ರಿಸ್ಪರ್ ರಿಜಿಸ್ಟರನ್ನು ಹೊತ್ತು ತಂದು ಬ್ಯಾಕ್ಟೀರಿಯಾದ ಕಾವಲಿನ ವಂಶವಾಹಿಗಳನ್ನೇ ಕತ್ತರಿಸುತ್ತಿತ್ತು. ಕಾವಲುಗಾರನ ಪುಸ್ತಕ ಕಳ್ಳನ ಕಂಕುಳಲ್ಲಿ! ಈ ಕಾಳಗಕ್ಕೆ ಕೊನೆಯಿಲ್ಲ.

ಈಗ ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಿಸಿದ ಮಾತಿಗೆ ಬರೋಣ. ಹೊರಗಿನಿಂದ ಬರುವ ಡಿ.ಎನ್.ಎ. ಯಾವಾಗಲೂ ಕೇಡಲ್ಲವೆಂದೆವು. ಬ್ಯಾಕ್ಟೀರಿಯಾದ ಪಾಲಿಗೆ ಅತ್ಯಂತ ಬೆಲೆಬಾಳುವ ಸರಕೆಂದರೆ ನಮ್ಮ ಔಷಧಿಗಳನ್ನು ಸೋಲಿಸುವ ವಂಶವಾಹಿ. ಅದು ಪ್ಲಾಸ್ಮಿಡ್‌ಗಳ ಮೇಲೆ ಸವಾರಿ ಮಾಡಿ ಬರುತ್ತದೆ. 1950ರ ದಶಕದಲ್ಲಿ ಜಪಾನಿನಲ್ಲಿ ಆಮಶಂಕೆಯ ಬ್ಯಾಕ್ಟೀರಿಯಾಗಳು ಒಂದೇ ಸಲಕ್ಕೆ ಹಲವು ಔಷಧಿಗಳಿಗೆ ಬಗ್ಗದಂತಾದುದು ಹೀಗೆಯೇ. ಕ್ರಿಸ್ಪರ್ ಕಾವಲು ಪ್ಲಾಸ್ಮಿಡ್‌ನ ಸಂಚಾರವನ್ನೂ ತಡೆಯಬಲ್ಲದೆಂದು 2008ರಲ್ಲಿ ಮರಾಫಿನಿ ಮತ್ತು ಸಾಂತೈಮರ್ ತೋರಿಸಿದರು. 2010ರಲ್ಲಿ ಪಾಮರ್ ಮತ್ತು ಗಿಲ್ಮೋರ್ ಎಂಬವರು ಕರುಳಿನ ಎಂಟೆರೊಕಾಕಸ್ ಬ್ಯಾಕ್ಟೀರಿಯಾಗಳನ್ನು ಪರೀಕ್ಷಿಸಿದಾಗ, ಹಲವು ಔಷಧಿಗಳನ್ನು ಗೆದ್ದ ತಳಿಗಳಲ್ಲಿ ಕ್ರಿಸ್ಪರ್ ಕಾವಲು ಸಾಮಾನ್ಯವಾಗಿ ಇರಲಿಲ್ಲ. ಎಲ್ಲ ಬ್ಯಾಕ್ಟೀರಿಯಾಗಳಿಗೂ ಈ ಲೆಕ್ಕ ಅನ್ವಯಿಸದು; ಆದರೆ ತಾತ್ಪರ್ಯ ಸ್ಪಷ್ಟ. ಔಷಧಿ ಎಲ್ಲೆಲ್ಲೂ ಚೆಲ್ಲಿದ ಕಡೆ, ಬಾಗಿಲು ಭದ್ರವಾಗಿ ಹಾಕಿಕೊಂಡ ಬ್ಯಾಕ್ಟೀರಿಯಾ ಔಷಧಿಯಿಂದ ಸಾಯುತ್ತದೆ. ತೆರೆದಿಟ್ಟದ್ದು ಪರರಿಂದ ಆಯುಧ ಪಡೆದು ಬದುಕುತ್ತದೆ. ಬಾಗಿಲು ತೆರೆಯುವುದಕ್ಕೆ ಬಹುಮಾನ ಕೊಡುತ್ತಿರುವವರು ನಾವೇ.

ನಮ್ಮಲ್ಲಿ ಜ್ವರ ಬಂದರೆ ಪಾಳಿಯ ಕೆಲಸ ತಪ್ಪಬಾರದೆಂದು ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗುವ ರೂಢಿಯಿದೆ. ಒಂದು ದಿನದ ಸಂಬಳ ಎಷ್ಟು ಮುಖ್ಯವೆಂದು ನಮಗೂ ಗೊತ್ತು. ಆದರೆ ನೆಗಡಿಯಂಥ ವೈರಸ್ಸಿನ ಕಾಯಿಲೆಗೆ ಆ್ಯಂಟಿಬಯಾಟಿಕ್ ನಾಟುವುದೇ ಇಲ್ಲ. ಕರುಳಿನಲ್ಲಿರುವ ಬಡ ಬ್ಯಾಕ್ಟೀರಿಯಾಗಳ ಮೇಲೆ ಅದರ ಪೆಟ್ಟು ಬೀಳುತ್ತದೆ. ಅಲ್ಲಿ ಔಷಧಿಯನ್ನು ಗೆಲ್ಲುವ ಪ್ಲಾಸ್ಮಿಡ್ ಹೊತ್ತವೇ ಉಳಿದು ಹೆಚ್ಚುತ್ತವೆ. ಮುಂದೆ ಅದೇ ಮನೆಯ ಬಾಣಂತಿಗೋ ಮುದುಕರಿಗೋ ನಿಜವಾದ ಸೋಂಕು ತಗಲಿದಾಗ ಮದ್ದು ಕೈಕೊಡಬಹುದು. ಮಾತ್ರೆಯ ಹಾಳೆಯ ಮೇಲೆ ಉದ್ದನೆಯ ಕೆಂಪು ಗೆರೆಯಿದ್ದರೆ ಅದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದೆಂದು ಅರ್ಥ. ಈ ಗುರುತಿನ ಬಗ್ಗೆ ಸರ್ಕಾರ 2016ರಿಂದ ಪ್ರಚಾರ ಮಾಡುತ್ತಿದೆ. ವೈದ್ಯರು ಹೇಳಿದಷ್ಟು ದಿನ ತೆಗೆದುಕೊಳ್ಳುವುದು, ಉಳಿದದ್ದನ್ನು ಇನ್ನೊಬ್ಬರಿಗೆ ಕೊಡದಿರುವುದು, ಇವೆರಡನ್ನು ಪಾಲಿಸಿದರೆ ಈ ಭಾಷಣ ಸಾರ್ಥಕ.

ಭಯದ ಮಾತಿನಲ್ಲೇ ನಿಲ್ಲಿಸುವುದು ಬೇಡ. ಎಮಾನ್ಯುಯೆಲ್ ಶಾರ್ಪಾಂತಿಯೇ ಮತ್ತು ಜೆನಿಫರ್ ಡೌಡ್ನಾ ಎಂಬ ಇಬ್ಬರು ಮಹಿಳೆಯರು ಕ್ಯಾಸ್-9 ಎಂಬ ಕಾವಲುಗಾರನಿಗೆ ನಮಗೆ ಬೇಕಾದ ಚೀಟಿಯನ್ನು ಕೊಟ್ಟು, ಬೇಕಾದಲ್ಲಿ ಡಿ.ಎನ್.ಎ. ಕತ್ತರಿಸಬಹುದೆಂದು 2012ರಲ್ಲಿ ತೋರಿಸಿದರು. 2020ರಲ್ಲಿ ನೊಬೆಲ್ ಪಡೆದರು. ಮಹಾರಾಷ್ಟ್ರದ ಅನೇಕ ಆದಿವಾಸಿ ಕುಟುಂಬಗಳನ್ನು ಕಾಡುವ ಕುಡಗೋಲು ಕಣ ರೋಗಕ್ಕೆ ಈ ವಿದ್ಯೆಯ ಚಿಕಿತ್ಸೆಯನ್ನು ಬ್ರಿಟನ್ 2023ರ ನವೆಂಬರಿನಲ್ಲಿ ಮಂಜೂರು ಮಾಡಿತು. ದಿಲ್ಲಿಯ ವಿಜ್ಞಾನಿಗಳು 2020ರಲ್ಲಿ ಕೊರೊನಾ ಪತ್ತೆಗೆ ಇದನ್ನೇ ಬಳಸಿ ಒಂದು ಪರೀಕ್ಷೆಯನ್ನು ರಚಿಸಿ, ಸತ್ಯಜಿತ್ ರಾಯರ ಪತ್ತೇದಾರ ಫೆಲುದಾನ ಹೆಸರಿಟ್ಟರು.

ಕೊನೆಯದಾಗಿ ಒಂದು ಮಾತು. 'ನಮ್ಮದು', 'ಹೊರಗಿನದು', 'ಚಿಹ್ನೆಯಿಲ್ಲದ್ದನ್ನು ಕತ್ತರಿಸು' ಎಂಬ ಮಾತುಗಳು ಇಂದು ಹಲವು ಸಲ ಬಂದವು. ರಾಜ್ಯೋತ್ಸವದ ದಿನ ಇದರಿಂದ ಮನುಷ್ಯರಿಗೂ ಒಂದು ನೀತಿ ಹೊರಡಿಸುವ ಆಸೆ ಯಾರಿಗಾದರೂ ಆದೀತು. ಅದು ಸಲ್ಲದು; ಬ್ಯಾಕ್ಟೀರಿಯಾ ನಮಗೆ ಗುರುವಲ್ಲ. ಒಂದು ವೇಳೆ ಗುರುವೆಂದರೂ ಅದು ಕಲಿಸುವ ಪಾಠ ಬೇರೆಯೇ. ರಿಜಿಸ್ಟರಿನಲ್ಲಿ ತುಣುಕು ಅಂಟಿಸುವ ಕ್ಯಾಸ್-1 ಎಂಬ ಕಿಣ್ವದ ಹಿರಿಯರು ಯಾರು ಗೊತ್ತೆ? ನೆಗೆಯುವ ವಂಶವಾಹಿಗಳ ಒಂದು ಕುಲ. ಇದನ್ನು ಕ್ರುಪೊವಿಚ್, ಕೂನಿನ್ ಮೊದಲಾದವರು 2014ರಲ್ಲಿ ವಾದಿಸಿ, ಪುರಾವೆ ಮುಂದಿಟ್ಟರು. ಅಂದರೆ ಒಂದಾನೊಂದು ಕಾಲದಲ್ಲಿ ಹೊರಗಿನಿಂದ ನುಗ್ಗಿದವರ ಸಂತಾನವೇ ಇಂದು ಬಾಗಿಲಲ್ಲಿ ಕುಳಿತು ರಿಜಿಸ್ಟರು ಬರೆಯುತ್ತಿದೆ! ಪರರನ್ನು ಪೂರ್ತಿ ಕಳೆದರೆ ಈ ಮನೆಯಲ್ಲಿ ಕಾವಲುಗಾರನೂ ಉಳಿಯುವುದಿಲ್ಲ.

ಬೆಳಗಾವಿ, ವಿಜಯಪುರ, ಕಲಬುರಗಿ, ಉಡುಪಿಗಳಿಂದ ಹೊಟ್ಟೆಪಾಡಿಗಾಗಿ ಬಂದು ಈ ಗೋದಾವರಿಯ ನೀರು ಕುಡಿದು ಬೆಳೆದ ನಮಗೆ ಇದು ಹೊಸ ಸಂಗತಿಯಲ್ಲ. ನೆನಪನ್ನು ಉಳಿಸಿಕೊಳ್ಳುವುದು, ಬಾಗಿಲನ್ನು ವಿವೇಕದಿಂದ ತೆರೆಯುವುದು, ಎರಡೂ ಬೇಕು. ಮಕ್ಕಳು ಈ ವಿಷಯವನ್ನು ಶಾಲೆಯಲ್ಲಿ ಯಾವ ನುಡಿಯಲ್ಲಿ ಓದಿದರೂ ಮನೆಗೆ ಬಂದು ಅಜ್ಜಿಗೆ ಕನ್ನಡದಲ್ಲಿ ಹೇಳಲಿ. ಅಜ್ಜಿಯ ಹೆಪ್ಪಿನ ಬಟ್ಟಲಿನ ಕಥೆ ಅದು. ಅವರಿಗೆ ತಿಳಿಯದೆ ಹೋಗದು.